ಸಮ ಅಂಕ ಬಂದಾಗ

"ಎಂಟಲ್ಲ ರೀ... ಒಂಬತ್ತು!"

ಕ್ಲಬ್ಬಿನ ಅಂಕಪಟ್ಟಿಯ ಫಲಕದೆದುರು ಏಣಿಯ ಮೇಲಿದ್ದವಳು ಗಕ್ಕನೆ ತಿರುಗಿದಳು. ಕೆಳಗೆ ಒಬ್ಬ ನಿಂತಿದ್ದ. ಕಂಕುಳಲ್ಲಿ ಫೈಲು, ಕಣ್ಣಿಗೆ ದಪ್ಪ ಕನ್ನಡಕ. ಮುಖದಲ್ಲಿ ನಗುವಿನ ಸುಳಿವೇ ಇರಲಿಲ್ಲ.

"ಏನಂದ್ರಿ?"

"ನಿಮ್ಮ ತಂಡದ ತಗಡನ್ನ ಎಂಟನೇ ಸಾಲಿಗೆ ನೇತುಹಾಕಿದ್ದೀರಿ. ಅದು ಒಂಬತ್ತಕ್ಕೆ ಬರ್ಬೇಕು. ನಿಮ್ಮದೂ ಎಂಟರಲ್ಲಿರೋ ತಂಡದ್ದೂ ಅಂಕ ಸಮ. ಆದ್ರೆ ಗೋಲಿನ ವ್ಯತ್ಯಾಸದಲ್ಲಿ ನೀವು ಒಂದು ಹಿಂದೆ."

ಅವಳಿಗೆ ಮೈಯೆಲ್ಲ ಉರಿಯಿತು. ನಿನ್ನೆ ತಾನೇ ತಂಡ ಸೋತಿದೆ. ಸೋಮವಾರ ಬೆಳಗ್ಗೆ ಎದ್ದು ಬಂದು ಗಾಯಕ್ಕೆ ಉಪ್ಪು ಸವರೋಕೆ ಇವನ್ಯಾರು?

"ಆರು ವರ್ಷದಿಂದ ಈ ಫಲಕ ನಾನೇ ಹಾಕ್ತಿದ್ದೀನಿ. ದಾರೀಲಿ ಹೋಗೋರೆಲ್ಲ ನನಗೆ ಲೆಕ್ಕ ಹೇಳ್ಕೊಡ್ಬೇಕಾಗಿಲ್ಲ!"

"ನಾನು ದಾರೀಲಿ ಹೋಗೋನಲ್ಲ, ಒಳಗೆ ಬರೋನು. ನಿನ್ನೆ ನಿಮ್ಮೆದುರು ಆಡಿದವರು ಕೊನೇ ನಿಮಿಷದಲ್ಲಿ ಇನ್ನೊಂದು ಗೋಲು ಹೊಡೆದ್ರು. ಅದನ್ನ ನೀವು ಸೇರಿಸಿಲ್ಲ ಅನ್ಸುತ್ತೆ."

ಅಯ್ಯೋ... ಹೌದಲ್ಲ! ಸಿಟ್ಟಿಗೆ ನಿನ್ನೆ ರೇಡಿಯೋನ ಅರ್ಧಕ್ಕೇ ಆರಿಸಿಬಿಟ್ಟಿದ್ದಳು. ಮನಸ್ಸು ಒಪ್ಪಿತು. ಬಾಯಿ ಒಪ್ಪಬೇಕಲ್ಲ? ಹಲ್ಲು ಕಚ್ಚಿಕೊಂಡು ತಗಡನ್ನು ಮೊಳೆಯಿಂದ ಎಳೆದಳು. ಎಳೆದ ರಭಸಕ್ಕೆ ಅದು ಕೈ ಜಾರಿ ನೇರವಾಗಿ ಅವನ ಬೂಟಿನ ಮೇಲೆ ಬಿತ್ತು.

"ಅಮ್ಮಾ...!"

"ಅಯ್ಯಯ್ಯೋ! ಬೇಕಂತ ಮಾಡಿದ್ದಲ್ಲ!"

"ಗೊತ್ತು," ಎಂದ ಅವನು ಒಂಟಿ ಕಾಲಿನಲ್ಲಿ ನಿಂತುಕೊಂಡೇ. ಬಗ್ಗಿ ತಗಡನ್ನು ಎತ್ತಿ, ಅಂಗಿಯ ತೋಳಿನಲ್ಲಿ ಧೂಳು ಒರೆಸಿ, ಅವಳ ಕೈಗೆ ಚಾಚಿದ. "ಒಂಬತ್ತನೇ ಸಾಲು."

ನೋವಿಗೆ ಕಣ್ಣಲ್ಲಿ ನೀರಾಡುತ್ತಿದೆ, ಆದರೂ ಲೆಕ್ಕ ಬಿಡಲೊಲ್ಲ! ಎಂಥ ಮನುಷ್ಯನಪ್ಪಾ ಇವನು ಅಂದುಕೊಂಡಳು ಅವಳು.

ನೋಡಿ, ಪ್ರೀತಿ ಶುರುವಾಗೋಕೆ ಇದು ಒಳ್ಳೇ ಗಳಿಗೆ ಅಂತ ಯಾವ ಹಿರಿಯರೂ ಹೇಳಲಾರರು. ಆದರೆ ಅದು ಹಿರಿಯರನ್ನ ಕೇಳಿ ಬರುತ್ತಾ?

ಅವನು ಲೀಗ್ ಕಚೇರಿಯ ದಾಖಲೆ ಅಧಿಕಾರಿ. ಲೀಗ್ ಶುರುವಾದಾಗಿನಿಂದ ಪ್ರತಿ ವರ್ಷ ಯಾವ ತಂಡ ಎಷ್ಟನೇ ಸ್ಥಾನದಲ್ಲಿತ್ತು ಅನ್ನೋದನ್ನೆಲ್ಲ ಸೇರಿಸಿ ಒಂದು ಅಧಿಕೃತ ಪುಸ್ತಕ ಬರಬೇಕಿತ್ತು. ಅದಕ್ಕಾಗಿ ಹಳೇ ಕ್ಲಬ್ಬುಗಳ ಕಾಗದಪತ್ರ ನೋಡಲು ಬಂದಿದ್ದ. ಎಲ್ಲದಕ್ಕೂ ಎರಡನೇ ದಶಮಾಂಶದವರೆಗೆ ಲೆಕ್ಕ ಹಾಕುತ್ತಾನೆ ಅಂತ ಕ್ಲಬ್ಬಿನವರು ವಾರದೊಳಗೇ ಅವನಿಗೆ ಹೆಸರಿಟ್ಟರು... ದಶಮಾಂಶ!

ಅವಳು ಆ ಕ್ಲಬ್ಬಿನ ದಾಖಲೆ ಕೋಣೆ ನೋಡಿಕೊಳ್ಳುವವಳು. ಪ್ರೇಕ್ಷಕರ ಮೆಟ್ಟಿಲುಗಳ ಕೆಳಗೆ ಎರಡು ಕೋಣೆ. ಮೇಲೆ ಜನ ಕುಣಿದರೆ ಕೆಳಗೆ ಸುಣ್ಣ ಉದುರುತ್ತದೆ. ಅಲ್ಲಿ ಕೂತು ಅವಳು ಕ್ಲಬ್ಬಿನ ಚರಿತ್ರೆ ಬರೆಯುತ್ತಿದ್ದಳು.

ಎಪ್ಪತ್ತೈದು ವರ್ಷದ ಹಿಂದೆ ನೂಲಿನ ಗಿರಣಿಯ ಹನ್ನೊಂದು ಕೆಲಸಗಾರರು ಕಟ್ಟಿದ ತಂಡ ಅದು. ಬಣ್ಣ ಹಾಕೋ ವಿಭಾಗದಲ್ಲಿ ಹಸಿರು ಬಣ್ಣ ಮಿಕ್ಕಿತ್ತು, ಅದಕ್ಕೇ ಅಂಗಿ ಹಸಿರು. ಗಿರಣಿ ಮುಚ್ಚಿತು, ತಂಡ ಉಳಿಯಿತು. ಮೂರು ಸಲ ಕೆಳಗಿನ ದರ್ಜೆಗೆ ಬಿತ್ತು, ಮೂರು ಸಲವೂ ಎದ್ದು ಬಂತು. ಇಷ್ಟು ವರ್ಷಗಳಲ್ಲಿ ಚಾಂಪಿಯನ್ ಆಗಿದ್ದು ಒಂದೇ ಒಂದು ಸಲ, ನಲವತ್ತನಾಲ್ಕು ವರ್ಷದ ಹಿಂದೆ. ಬಂದರು ತಂಡದ ಜೊತೆ ಅಂಕ ಸಮ ಬಂದು, ಗೋಲಿನ ಲೆಕ್ಕದಲ್ಲಿ ಗೆದ್ದಿದ್ದರು. ಆ ವರ್ಷ ಗೆದ್ದ ಹನ್ನೊಂದು ಆಟಗಾರರ ಹೆಸರುಗಳ ಮರದ ಫಲಕ ದಾಖಲೆ ಕೋಣೆಯ ಬಾಗಿಲ ಮೇಲಿತ್ತು.

ಅದರಲ್ಲಿ ಮೊದಲ ಹೆಸರು, ಗೋಲ್‌ಕೀಪರ್, ಅವಳ ಅಜ್ಜ.

ಅಪ್ಪ ಅಮ್ಮ ಇಲ್ಲದ ಅವಳನ್ನು ಸಾಕಿದ್ದು ಅಜ್ಜ ಅಜ್ಜಿ. ಅಜ್ಜಿ ಹೋಗಿ ಐದು ವರ್ಷ. ಗಿರಣಿಯಲ್ಲಿ ಮೂಟೆ ಹೊತ್ತ ಅಜ್ಜನಿಗೆ ಜೀವನದಲ್ಲಿ ಸಿಕ್ಕ ಒಂದೇ ಒಂದು ದೊಡ್ಡ ಸಂಗತಿ ಆ ಫಲಕ. ಪ್ರತಿ ಪಂದ್ಯದ ದಿನ ಬಂದು, ಅದರ ಕೆಳಗೆ ಕುರ್ಚಿ ಹಾಕಿಕೊಂಡು ಹತ್ತು ನಿಮಿಷ ಕೂತು, ಆಮೇಲೇ ಮೆಟ್ಟಿಲು ಹತ್ತುತ್ತಿದ್ದರು.

"ಇವರೇನಾ ನಿನ್ನ ದಶಮಾಂಶ?" ಅಂತ ಅವರು ಅವನನ್ನು ಕಂಡ ಮೊದಲ ದಿನವೇ ಕೇಳಿದ್ದರು, ಅವನ ಎದುರಿಗೇ.

"ಅಜ್ಜಾ! ನನ್ನ ದಶಮಾಂಶ ಏನಲ್ಲ!"

ಅವನ ಕಿವಿ ಕೆಂಪಾಗಿದ್ದನ್ನು ಅವಳು ನೋಡಿದಳು. ತನ್ನ ಕಿವಿಯೂ ಕೆಂಪಾಗಿದ್ದು ಅವಳಿಗೆ ಕಾಣಲಿಲ್ಲ, ಅಜ್ಜನಿಗೆ ಕಂಡಿತು.

ದಿನಾ ಬೆಳಗ್ಗೆ ಅವನು ಬರುತ್ತಿದ್ದ. ಎದುರು ಬದುರು ಕೂತು ಹಳದಿಯಾದ ಪತ್ರಿಕೆಗಳನ್ನು ಬಿಚ್ಚುತ್ತಿದ್ದರು. ಅವಳು ಓದುತ್ತಿದ್ದಳು, ಅವನು ಬರೆದುಕೊಳ್ಳುತ್ತಿದ್ದ.

"ಆಡಿದ್ದು ಇಪ್ಪತ್ತೆರಡು, ಗೆದ್ದಿದ್ದು ಮೂರು..."

"ಮೂರೇನಾ?"

"ಯಾಕೆ, ನಗು ಬರುತ್ತಾ? ಆ ವರ್ಷ ನಮ್ಮ ಮೈದಾನದಲ್ಲಿ ಮೊಣಕಾಲುದ್ದ ನೀರಿತ್ತು ಗೊತ್ತಾ?"

"ನೀರು ಎರಡೂ ತಂಡಕ್ಕೂ ಇತ್ತಲ್ಲ?"

ಅವಳು ಪತ್ರಿಕೆಯಿಂದಲೇ ಅವನ ಕೈಗೆ ಒಂದೇಟು ಕೊಟ್ಟಳು. ಅವನು ನಕ್ಕ. ಮೊದಲ ಸಲ! ನಕ್ಕಾಗ ಆ ಕನ್ನಡಕದ ಹಿಂದಿನ ಕಣ್ಣು ಚಿಕ್ಕದಾಗುತ್ತದೆ ಅಂತ ಅವಳಿಗೆ ಅವತ್ತೇ ಗೊತ್ತಾಗಿದ್ದು. ಅವತ್ತಿನಿಂದ ಅವನನ್ನು ನಗಿಸುವುದೇ ಅವಳಿಗೊಂದು ಕೆಲಸವಾಯಿತು.

ಮೂರನೇ ವಾರದ ನಂತರ ಅವನು ಯಾಕೋ ಸ್ವಲ್ಪ ಸಪ್ಪಗಾದ. ಕೇಳಿದರೆ "ಏನಿಲ್ಲ" ಅನ್ನುತ್ತಿದ್ದ. 'ನನ್ನ ಹಾಗೇ ಇವರಿಗೂ ಒಳಗೊಳಗೇ ಏನೋ ಆಗ್ತಿದೆ... ಹೇಳೋಕಾಗ್ತಿಲ್ಲ,' ಅಂತ ಅವಳು ಅರ್ಥ ಮಾಡಿಕೊಂಡಳು. ಮನಸ್ಸಿಗೆ ಬೇಕಾದ ಅರ್ಥ ಹುಡುಕೋದರಲ್ಲಿ ನಾವೆಲ್ಲ ಜಾಣರೇ ಅಲ್ವಾ?

ಐದನೇ ವಾರದ ಭಾನುವಾರ ತಂಡ ಗೆದ್ದಿತು. ಸತತ ನಾಲ್ಕನೇ ಗೆಲುವು! ಒಂಬತ್ತರಿಂದ ಆರನೇ ಸ್ಥಾನಕ್ಕೆ! ಜನರೆಲ್ಲ ಹೋದ ಮೇಲೆ ಖಾಲಿ ಮೆಟ್ಟಿಲುಗಳ ಮೇಲೆ ಅವರಿಬ್ಬರೇ ಉಳಿದರು.

"ನಿಮಗೊಂದು ಮಾತು ಹೇಳ್ಬೇಕು..." ಎಂದ ಅವನು. "ಹೇಗೆ ಹೇಳೋದೋ ಗೊತ್ತಾಗ್ತಿಲ್ಲ."

ಅವಳು ಅವನ ಕಡೆ ತಿರುಗಿ ಕೂತಳು. ಬಂತು... ಕೊನೆಗೂ ಬಂತು!

"ಹೇಳಿ," ಎಂದಳು ಮೆಲ್ಲಗೆ.

ಅವನು ಅವಳ ಮುಖ ನೋಡಿದ. ಎಷ್ಟು ಹೊತ್ತು ನೋಡಿದ! ಆಮೇಲೆ ತಲೆ ತಗ್ಗಿಸಿದ.

"ಇವತ್ತು ಬೇಡ. ನೀವು ತುಂಬ ಖುಷಿಯಾಗಿದ್ದೀರಿ... ನಾಳೆ ಹೇಳ್ತೀನಿ."

ಅವತ್ತು ಅವಳು ಮನೆಗೆ ಹೋದದ್ದು ಹೇಗೋ ಅವಳಿಗೇ ಗೊತ್ತಿಲ್ಲ. "ಏನೇ ಚೆಂಡು, ಕಾಲು ನೆಲದ ಮೇಲೆ ನಿಲ್ತಾನೇ ಇಲ್ಲ!" ಎಂದರು ಅಜ್ಜ. ಚಿಕ್ಕಂದಿನಲ್ಲಿ ಗುಂಡುಗುಂಡಾಗಿದ್ದಳು ಅಂತ ಅವರು ಅವಳನ್ನು ಕರೆಯೋದೇ ಹಾಗೆ.

"ನಾಳೆ ಹೇಳ್ತೀನಿ ಅಜ್ಜಾ," ಎಂದಳು. ನಾಳೆ!

ಆ ನಾಳೆ ಬಂತು. ಕ್ಲಬ್ಬಿನ ಕಾರ್ಯದರ್ಶಿ ಅವಳನ್ನು ಕರೆಸಿದರು. ಮೇಜಿನ ಮೇಲೆ ಲೀಗ್ ಕಚೇರಿಯಿಂದ ಬಂದ ದಪ್ಪ ಕರಡು ಪ್ರತಿ. ಅವರು ಒಂದು ಹಾಳೆ ತಿರುಗಿಸಿ ತೋರಿಸಿದರು.

ನಲವತ್ತನಾಲ್ಕು ವರ್ಷದ ಹಿಂದಿನ ಪಟ್ಟಿ. ಮೊದಲ ಸ್ಥಾನ... ಬಂದರು ತಂಡ. ಎರಡನೇ ಸ್ಥಾನ... ಗಿರಣಿ ತಂಡ.

"ಇದು ಅಚ್ಚಿನ ತಪ್ಪು ಸಾರ್!"

"ಅಲ್ಲಮ್ಮ. ಲೆಕ್ಕ ಹಾಕಿ ನೋಡಿದೆ. ಇಬ್ಬರಿಗೂ ಮೂವತ್ತೊಂದು ಅಂಕ. ನಾವು ಹೊಡೆದದ್ದು ಮೂವತ್ತೆಂಟು ಗೋಲು, ಬಿಟ್ಟಿದ್ದು ಹತ್ತೊಂಬತ್ತು. ವ್ಯತ್ಯಾಸ ಹತ್ತೊಂಬತ್ತು. ಅವರು ಹೊಡೆದದ್ದು ನಲವತ್ತೊಂಬತ್ತು, ಬಿಟ್ಟಿದ್ದು ಇಪ್ಪತ್ತೈದು. ವ್ಯತ್ಯಾಸ ಇಪ್ಪತ್ನಾಲ್ಕು. ಅವರದ್ದೇ ಹೆಚ್ಚು." ಕಾರ್ಯದರ್ಶಿ ಕಣ್ಣು ಒರೆಸಿಕೊಂಡರು. "ಶನಿವಾರ ಸಮಿತಿ ಸಭೆ. ಅಲ್ಲಿ ಒಪ್ಪಿಗೆ ಆದ್ರೆ... ಆ ಫಲಕ ತೆಗೀಬೇಕಾಗುತ್ತೆ."

ಇಷ್ಟು ವರ್ಷ ಯಾರೂ ಕಳೆದು ನೋಡಿರಲಿಲ್ಲವೇ? ಇಲ್ಲ! ಗೋಲಿನ ಲೆಕ್ಕದಲ್ಲಿ ಗೆದ್ದೆವು ಅಂತ ಅಜ್ಜ ಹೇಳಿದ್ದರು, ಅವಳು ಹಾಗೇ ಬರೆದಿದ್ದಳು. ಸಾಕಿದ ಅಜ್ಜನ ಮಾತನ್ನು ಪೆನ್ಸಿಲ್ ಹಿಡಿದು ತಾಳೆ ನೋಡೋರು ಯಾರು?

ಹಾಳೆಯ ಅಡಿಯಲ್ಲಿ ಸಹಿ ಇತ್ತು. ಅವನದೇ.

ಅವನು ದಾಖಲೆ ಕೋಣೆಯಲ್ಲಿ ಕಾಯುತ್ತಿದ್ದ. ಅವಳ ಮುಖ ನೋಡಿದ ಕೂಡಲೇ ಎದ್ದು ನಿಂತ.

"ಎಷ್ಟು ದಿನದಿಂದ ಗೊತ್ತಿತ್ತು?"

"ಹದಿನೈದು ದಿನ... ನಂಬೋಕಾಗ್ದೆ ಮತ್ತೆ ಮತ್ತೆ ಲೆಕ್ಕ ಹಾಕಿದೆ. ಎಲ್ಲಾದ್ರೂ ತಪ್ಪಿರ್ಲಿ ಅಂತ ಹುಡುಕ್ದೆ. ಕರಡು ಕಳಿಸೋ ದಿನ ಬಂದುಬಿಡ್ತು..."

"ನಿನ್ನೆ ನೀವು ಹೇಳ್ಬೇಕು ಅಂದಿದ್ದು... ಇದನ್ನೇನಾ?"

ಅವನು ಫೈಲು ಮುಚ್ಚಿದ. ಆಮೇಲೆ ಮೆಲ್ಲಗೆ, "ಹೌದು," ಎಂದ.

ಆ ಒಂದು 'ಹೌದು' ಅವಳನ್ನು ಎರಡೆರಡು ಸಲ ಕೊಂದಿತು. ಅಜ್ಜನ ಕಪ್ ಹೋಯಿತು. ಇವನು ಪ್ರೀತಿಯ ಮಾತಾಡುತ್ತಾನೆ ಅಂತ ಬೆಳಗಿನ ತನಕ ನಿದ್ದೆಗೆಟ್ಟು ಕಾದಿದ್ದೆನಲ್ಲ... ಥೂ, ಎಂಥ ಪೆದ್ದಿ ನಾನು!

"ದಿನಾ ನನ್ನೆದುರು ಕೂತು ನಕ್ಕಿದ್ದೀರಿ. ನಮ್ಮಜ್ಜ ಕೊಟ್ಟ ಚಹಾ ಕುಡಿದಿದ್ದೀರಿ. ಒಂದು ಮಾತು ಹೇಳೋಕಾಗ್ಲಿಲ್ವಾ? ಪರವೂರಿನವರ ಹಾಗೆ ಕಾಗದದಲ್ಲಿ ಓದಿ ತಿಳ್ಕೋಬೇಕಾ ನಾನು?"

"ನಿಮಗೆ ನೋವಾಗುತ್ತೆ ಅಂತ..."

"ಈಗ ಆಗ್ಲಿಲ್ವಾ?" ಅವಳ ದನಿ ಒಡೆಯಿತು. "ಹೋಗಿ. ದಯವಿಟ್ಟು ಹೋಗಿ. ಇನ್ನು ಈ ಕೋಣೆಗೆ ಬರ್ಬೇಡಿ."

ಅವನು ಫೈಲು ಎತ್ತಿಕೊಂಡು ಹೋದ. ಬಾಗಿಲು ಮುಚ್ಚಿದ ಮೇಲೆ ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಅಜ್ಜನಿಗೆ ಹೇಳಲೇಬೇಕಿತ್ತು. ಹೇಳಿದಳು. ಅವರು ಬೈಯಲಿಲ್ಲ, ಅಳಲೂ ಇಲ್ಲ.

"ಲೆಕ್ಕ ಹಾಗೆ ಬಂದ್ರೆ ಹಾಗೇ ಅಲ್ವಾ ಮಗಾ? ಓದಿದೋರು ಹಾಕಿದ ಲೆಕ್ಕ. ನಾನು ನಾಲ್ಕನೇ ಕ್ಲಾಸು."

ಬುಧವಾರ ಪಂದ್ಯ ಇತ್ತು. ಅಜ್ಜ ಬೂಟು ಹಾಕಿಕೊಂಡರು, ಬಾಗಿಲ ತನಕ ಹೋದರು, ವಾಪಸ್ ಬಂದು ಕುರ್ಚಿಯಲ್ಲಿ ಕೂತರು. "ಮಂಡಿ ನೋವು," ಎಂದರು. ನಲವತ್ತನಾಲ್ಕು ವರ್ಷದಲ್ಲಿ ಅವರು ತಪ್ಪಿಸಿದ ಮೊದಲ ಪಂದ್ಯ. ಮಂಡಿಗೆ ಏನೂ ಆಗಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಗುರುವಾರ ಸಂಜೆ ಮನೆಯ ಬಾಗಿಲು ತಟ್ಟಿದ ಸದ್ದು. ಅಡುಗೆಮನೆಯಲ್ಲಿದ್ದ ಅವಳಿಗೆ ಆ ದನಿ ಕೇಳಿ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

"ಅಜ್ಜ... ನಿಮ್ಮ ಹತ್ರ ಕ್ಷಮೆ ಕೇಳೋಕೆ ಬಂದೆ."

ಅವಳು ಹೊರಗೆ ಬರಲಿಲ್ಲ. ಬರೋದೂ ಇಲ್ಲ! ಬಾಗಿಲ ಮರೆಯಲ್ಲಿ ನಿಂತು ಕಿವಿ ಮಾತ್ರ ಹೊರಗೆ ಕಳಿಸಿದಳು.

"ಕೂತ್ಕೊಳಪ್ಪ," ಎಂದರು ಅಜ್ಜ. "ನೀನೇನು ಗೋಲು ಹೊಡೆದ್ಯಾ, ಬಿಟ್ಯಾ? ಇದ್ದದ್ದು ಬರೆದೆ. ಆದ್ರೆ ಒಂದೇ ಒಂದು ಸಂಕಟ. ಇದು ನೋಡು..."

ಎಡಗೈಯ ಕಿರುಬೆರಳು ತೋರಿಸಿದರು. ಅದು ಮಡಚಿಕೊಂಡಿತ್ತು, ಬಿಡಿಸಲು ಬರುತ್ತಿರಲಿಲ್ಲ.

"ಕೊನೇ ಪಂದ್ಯದಲ್ಲಿ ಮುರಿದಿದ್ದು. ಮೂರು ಸೊನ್ನೆಯಲ್ಲಿ ಮುಂದಿದ್ವಿ, ಎರಡು ನಿಮಿಷ ಉಳಿದಿತ್ತು. ಅವರಿಗೊಂದು ಪೆನಾಲ್ಟಿ ಕೊಟ್ಬಿಟ್ಟ ಆ ರೆಫ್ರಿ! ಪೆನಾಲ್ಟಿನೇ ಅಲ್ಲ ಅದು! ಹಾರಿ ತಡೆದೆ. ಬೆರಳು ಹೋಯ್ತು. ನನ್ನ ಹೆಂಡ್ತಿ ಸಾಯೋತನಕ ಆಡ್ಕೊಂಡ್ಲು. ಮೂರು ಗೋಲು ಮುಂದಿರೋವಾಗ ಯಾರಾದ್ರೂ ಬೆರಳು ಮುರ್ಕೋತಾರಾ, ಗಾಳಿಗೆ ಗುದ್ದಿ ಮೈ ನೋಯಿಸ್ಕೊಂಡ ಜಾಣ ಅಂತ. ಕಪ್ ಬಂತಲ್ಲೇ ಅಂತಿದ್ದೆ. ಈಗ ಕಪ್ಪೂ ಇಲ್ಲ, ಬೆರಳೂ ಇಲ್ಲ."

ಅಡುಗೆಮನೆಯಲ್ಲಿ ಅವಳು ಕಣ್ಣನ್ನು ಮುಂಗೈಯಲ್ಲೇ ಒರೆಸಿಕೊಂಡಳು.

ಹೊರಗೆ ಅವನು ಬಗ್ಗಿ ಆ ಬೆರಳನ್ನು ನೋಡಿದ. ಆಮೇಲೆ ನಿಧಾನವಾಗಿ ಕೇಳಿದ. "ಮೂರು ಸೊನ್ನೆ ಮುಂದಿದ್ರಿ... ಎರಡೇ ನಿಮಿಷ... ಮತ್ಯಾಕೆ ಅಷ್ಟು ಜೀವ ಬಿಟ್ಟು ಹಾರಿದ್ರಿ ಅಜ್ಜ?"

"ಕೋಚ್ ಹೇಳಿದ್ರಲ್ಲ! ಬಂದರಿನವರ ಪಂದ್ಯ ಹಿಂದಿನ ದಿನಾನೇ ಮುಗಿದಿತ್ತು. ಮೂರು ಹೊಡೀಬೇಕು, ಒಂದೂ ಬಿಡಬಾರ್ದು, ಒಂದು ಬಿಟ್ರೂ ಕಪ್ ಹೋಯ್ತು ಅಂತ ಬಾಯಿ ಬಾಯಿ ಬಡ್ಕೊಂಡ್ರು."

"ಯಾಕೆ ಅಂತ ಕೇಳ್ಲಿಲ್ವಾ?"

"ಗೋಲ್‌ಕೀಪರು ಯಾಕೆ ಏನು ಅಂತ ಕೇಳ್ತಾ ನಿಂತ್ರೆ ಚೆಂಡು ಒಳಗೆ ಹೋಗಿರುತ್ತಪ್ಪ!"

ಸೌಟು ಕೆಳಗೆ ಬಿತ್ತು. ಅವಳು ಹೊರಗೇ ಬಂದುಬಿಟ್ಟಳು!

"ಒಂದು ಬಿಟ್ರೆ ಕಪ್ ಹೇಗೆ ಹೋಗುತ್ತೆ ಅಜ್ಜಾ? ಮೂರು ಒಂದು ಆದ್ರೂ ಗೆದ್ದ ಹಾಗೇ ಅಲ್ವಾ? ವ್ಯತ್ಯಾಸದಲ್ಲಿ ಒಂದು ಕಮ್ಮಿ ಆಗುತ್ತೆ ಅಷ್ಟೇ. ನಾವು ಹೇಗಿದ್ರೂ ಐದು ಹಿಂದೆ..."

ಮಾತು ಅಲ್ಲೇ ನಿಂತಿತು. ಅವಳು ಅವನನ್ನು ನೋಡಿದಳು. ಅವನಾಗಲೇ ಅವಳನ್ನು ನೋಡುತ್ತಿದ್ದ. ಕೋಚ್‌ಗೆ ಹುಚ್ಚು ಹಿಡಿದಿರಲಿಲ್ಲ. ಹಾಗಿದ್ದರೆ ಆಗಿನ ಲೆಕ್ಕವೇ ಬೇರೆ!

"ಕಳೀತಿರ್ಲಿಲ್ಲ..." ಎಂದ ಅವನು ಪಿಸುಮಾತಿನಲ್ಲಿ.

"ಭಾಗಿಸ್ತಿದ್ರು!" ಎಂದಳು ಅವಳು.

ಪೆನ್ಸಿಲಿಗಾಗಿ ಇಬ್ಬರೂ ಒಟ್ಟಿಗೇ ತಡಕಾಡಿದರು. ಅಜ್ಜನ ಔಷಧಿ ಚೀಟಿಯ ಹಿಂಬದಿಯೇ ಸಿಕ್ಕಿದ್ದು. ಹೊಡೆದ ಗೋಲನ್ನು ಬಿಟ್ಟ ಗೋಲಿನಿಂದ ಭಾಗಿಸಿದರು. ಮೂವತ್ತೆಂಟು, ಹತ್ತೊಂಬತ್ತು... ಸರಿಯಾಗಿ ಎರಡು. ಬಂದರಿನವರದ್ದು ನಲವತ್ತೊಂಬತ್ತು, ಇಪ್ಪತ್ತೈದು...

"ಒಂದು ದಶಮಾಂಶ ಒಂಬತ್ತು ಆರು," ಎಂದ ಅವನು. "ನಿಮ್ಮದೇ ಮೇಲೆ! ಅಜ್ಜ ಆ ಪೆನಾಲ್ಟಿ ಬಿಟ್ಟಿದ್ರೆ... ಮೂವತ್ತೆಂಟನ್ನ ಇಪ್ಪತ್ತರಿಂದ... ಒಂದು ದಶಮಾಂಶ ಒಂಬತ್ತು. ಕೆಳಗೆ! ಅಜ್ಜ, ಆ ಬೆರಳೇ ಕಪ್ ಉಳಿಸಿದ್ದು!"

ಅಜ್ಜ ಕಣ್ಣು ಪಿಳಿಪಿಳಿ ಬಿಡುತ್ತಾ ತಮ್ಮ ಬೆರಳನ್ನೇ ನೋಡಿಕೊಂಡರು.

"ನಿನ್ನಜ್ಜಿ ಇದ್ದಿದ್ರೆ..." ಎಂದರು. ಮೊಮ್ಮಗಳು ಅವರ ಕೈ ಹಿಡಿದುಕೊಂಡಳು.

"ತಪ್ಪು ನಂದೇ," ಎಂದ ಅವನು. "ಎಲ್ಲ ವರ್ಷದ ಅಂಕಿ ಒಂದೇ ಪಟ್ಟಿಗೆ ತುಂಬಿ, ಇವತ್ತಿನ ನಿಯಮದಲ್ಲೇ ಒಂದೇ ಸಲ ಜೋಡಿಸಿಬಿಟ್ಟೆ. ಆ ಕಾಲಕ್ಕೆ ಆ ಕಾಲದ ನಿಯಮ ಇರುತ್ತೆ ಅನ್ನೋದು ಹೊಳೀಲೇ ಇಲ್ಲ."

"ಊರೆಲ್ಲ ನಿಮ್ಮನ್ನ ದಶಮಾಂಶ ಅಂತ ಕರೆಯುತ್ತೆ," ಎಂದಳು ಅವಳು ಕಣ್ಣೀರಿನ ನಡುವೆಯೇ. "ದಶಮಾಂಶನೇ ಮರೆತ್ರಲ್ರೀ!"

ನಗು ಬಂದುಬಿಟ್ಟಿತು. ತಕ್ಷಣ ಮುಖ ಗಂಟು ಹಾಕಿಕೊಂಡಳು. ಇನ್ನೂ ಕ್ಷಮಿಸಿರಲಿಲ್ಲ, ಹಾಗಂತ ಅವಳು ಅಂದುಕೊಂಡಿದ್ದಳು.

ಆದರೆ ಊಹೆ ಸಾಕಾಗೋಲ್ಲ, ಬರಹದಲ್ಲಿ ಬೇಕು. ಲೀಗ್ ಕಚೇರಿ ಕಟ್ಟಡ ಬದಲಿಸಿದಾಗ ಆ ಕಾಲದ ನಿಯಮಾವಳಿಗಳೆಲ್ಲ ಗೆದ್ದಲಿನ ಪಾಲಾಗಿದ್ದವು. ಉಳಿದಿದ್ದು ಶುಕ್ರವಾರ ಒಂದೇ ದಿನ.

"ರೆಫ್ರಿಗಳ ಜೇಬಲ್ಲಿ ಒಂದು ಪುಟ್ಟ ನಿಯಮದ ಪುಸ್ತಕ ಇರ್ತಿತ್ತು," ಎಂದರು ಅಜ್ಜ. ಅಷ್ಟಂದು ಮುಖ ಹುಳ್ಳಗೆ ಮಾಡಿಕೊಂಡರು. "ಆ ರೆಫ್ರಿ ಬದುಕಿದ್ದಾನೆ. ನಾಲ್ಕು ಬೀದಿ ಆಚೆ ಮನೆ. ನಲವತ್ತನಾಲ್ಕು ವರ್ಷದಿಂದ ನಾನು ಅವನ ಹತ್ರ ಮಾತಾಡಿಲ್ಲ."

"ಅಜ್ಜಾ! ಒಂದು ಪೆನಾಲ್ಟಿಗೆ?"

"ಒಂದು ಪೆನಾಲ್ಟಿಗೇ!"

ಶುಕ್ರವಾರ ಬೆಳಗ್ಗೆ ಮೂವರೂ ಹೋದರು. ಎಂಬತ್ತರ ಆ ಮುದುಕರು ಬಾಗಿಲು ತೆಗೆದು, ಅಜ್ಜನನ್ನು ಮೇಲಿಂದ ಕೆಳಗೆ ನೋಡಿ ಅಂದ ಮೊದಲ ಮಾತು, "ಅದು ಪೆನಾಲ್ಟಿನೇ."

"ಅಲ್ಲ!"

"ಹೌದು!"

"ಅಜ್ಜಂದಿರಾ, ಕೈ ಮುಗೀತೀನಿ!" ಎಂದು ಅವಳು ನಡುವೆ ನಿಂತಳು.

ವಿಷಯ ಕೇಳಿದ ಮೇಲೆ ಆ ಮುದುಕರು ಒಳಗೆ ಹೋದರು. ಕಪಾಟಿನಲ್ಲಿ ಹಳೇ ಕಪ್ಪು ಅಂಗಿ ಮಡಚಿಟ್ಟಿದ್ದರು. ಅದರ ಜೊತೆಗೇ ಇತ್ತು, ಅಂಗೈಯಗಲದ ಪುಸ್ತಕ, ಅದೇ ವರ್ಷದ್ದು. ಅವನು ಹಾಳೆ ತಿರುಗಿಸುತ್ತಾ ಹೋದ. ಅವಳು ಅವನ ಭುಜದ ಮೇಲಿಂದ ಇಣುಕುತ್ತಿದ್ದಳು.

"ಅಂಕಗಳು ಸಮನಾದಲ್ಲಿ," ಅವನು ಗಟ್ಟಿಯಾಗಿ ಓದಿದ, "ಹೊಡೆದ ಗೋಲುಗಳನ್ನು ಬಿಟ್ಟುಕೊಟ್ಟ ಗೋಲುಗಳಿಂದ ಭಾಗಿಸಿ, ಸರಾಸರಿ ಹೆಚ್ಚಿರುವ ತಂಡವನ್ನು ಮೇಲಿನ ಸ್ಥಾನಕ್ಕೆ ಪರಿಗಣಿಸತಕ್ಕದ್ದು."

ಅಜ್ಜ ಅಲ್ಲೇ ಇದ್ದ ಬೆಂಚಿನ ಮೇಲೆ ಕೂತುಬಿಟ್ಟರು. ಹಳೇ ರೆಫ್ರಿ ಪಕ್ಕದಲ್ಲಿ ಕೂತು, "ತಡೆದದ್ದು ಮಾತ್ರ ಚೆನ್ನಾಗಿ ತಡೆದೆ ಬಿಡು," ಎಂದರು. ಅಷ್ಟು ಹೇಳೋಕೆ ಅವರಿಗೆ ನಲವತ್ತನಾಲ್ಕು ವರ್ಷ ಬೇಕಾಯಿತು.

ಶನಿವಾರ ಸಮಿತಿಯ ಸಭೆ. ಉದ್ದನೆ ಮೇಜು, ಹನ್ನೆರಡು ಕ್ಲಬ್ಬಿನವರು. ಅವಳು ಕಾರ್ಯದರ್ಶಿಯ ಹಿಂದೆ ಕೂತಿದ್ದಳು. ಅಧ್ಯಕ್ಷರು ಪುಟ್ಟ ಪುಸ್ತಕವನ್ನು ಎರಡು ಸಲ ಓದಿದರು, ಕನ್ನಡಕ ತೆಗೆದರು.

"ಅಂದ್ರೆ ನಮ್ಮ ಕರಡೇ ತಪ್ಪು. ಗಣಕಯಂತ್ರದ ದೋಷ ಅಂತ ಬರೆದ್ರೆ ಆಗ್ಬಹುದಾ?"

ಅವನಿಗೆ ಬಚಾವಾಗೋಕೆ ಬಾಗಿಲು ತೆರೆದೇ ಇತ್ತು. ಹೂಂ ಅಂದಿದ್ದರೆ ಸಾಕಿತ್ತು. ಅವಳು ಅವನನ್ನೇ ನೋಡುತ್ತಿದ್ದಳು.

ಅವನು ಎದ್ದು ನಿಂತ. "ಯಂತ್ರದ್ದಲ್ಲ ಸರ್. ನನ್ನದು. ಹಳೇ ನಿಯಮ ಏನಿತ್ತು ಅಂತ ವಿಚಾರಿಸದೇ ಸಹಿ ಹಾಕಿದೆ. ಅನುಮಾನ ಬಂದ ದಿನವೇ ಯಾರನ್ನ ಕೇಳ್ಬೇಕಿತ್ತೋ ಅವರನ್ನ ಕೇಳ್ಲಿಲ್ಲ. ಕೇಳಿದ್ರೆ ಒಂದೇ ಸಂಜೇಲಿ ಬಗೆಹರೀತಿತ್ತು. ಹೆದರಿದೆ."

ಬಂದರು ತಂಡದ ಹಿರಿಯರೊಬ್ಬರು ಮೊದಲು ನಕ್ಕರು. "ನಮ್ಮಪ್ಪನೂ ಭಾಗಾಕಾರ ಭಾಗಾಕಾರ ಅಂತ ಬೈತಿದ್ರು. ಯಾಕೆ ಅಂತ ಈಗ ಗೊತ್ತಾಯ್ತು. ಕಪ್ ಅವರದ್ದೇ, ಬರ್ಕೊಳ್ಳಿ."

ಪಟ್ಟಿ ತಿದ್ದಲಾಯಿತು. ಮೊದಲ ಸ್ಥಾನ, ಗಿರಣಿ ತಂಡ. ಪುಸ್ತಕದ ಉಳಿದ ಕೆಲಸವನ್ನು ಅವನಿಂದ ತೆಗೆದು ಬೇರೆಯವರಿಗೆ ಕೊಡಲಾಯಿತು. ಅವನು ತಲೆಯಾಡಿಸಿ ಒಪ್ಪಿಕೊಂಡ.

ಅವಳು ಓಡಿ ಹೋಗಿ ಮೊದಲು ಅಜ್ಜನಿಗೆ ಫೋನ್ ಮಾಡಿದಳು. ಅವರು ಇನ್ನೊಮ್ಮೆ ಹೇಳು ಅಂದರು. ಆಮೇಲೆ, "ನಾಳೆ ಪಂದ್ಯ ಎಷ್ಟು ಗಂಟೆಗೆ ಮಗಾ?" ಎಂದರು.

ಫೋನ್ ಇಟ್ಟು ತಿರುಗಿದರೆ, ಅವನು ಕಚೇರಿಯ ಮೆಟ್ಟಿಲಿಳಿದು ಹೋಗುತ್ತಿದ್ದ.

"ನಿಲ್ಲಿ!"

ಅವನು ನಿಂತ.

"ಹೇಳದೇ ಹೋಗೋ ಚಾಳಿ ಬಿಡೋದೇ ಇಲ್ವಾ ನೀವು?"

"ನೀವು ಬರ್ಬೇಡಿ ಅಂದಿದ್ರಲ್ಲ..."

"ಕೋಪದಲ್ಲಿ ಅಂದೆ. ಈಗ ಕೋಪ ಇಲ್ಲ. ಸ್ವಲ್ಪ ಇದೆ." ಅವಳು ಎರಡು ಮೆಟ್ಟಿಲು ಇಳಿದಳು. "ನೀವು ತಪ್ಪು ಮಾಡಿದ್ದಕ್ಕಲ್ಲ. ಒಬ್ಬರೇ ಹೊಟ್ಟೇಲಿಟ್ಕೊಂಡು ಕೂತಿದ್ದಕ್ಕೆ. ಆ ಭಾನುವಾರ ಮೆಟ್ಟಿಲ ಮೇಲೆ ನಾನೇನು ಅಂದ್ಕೊಂಡಿದ್ದೆ ಗೊತ್ತಾ? ನನ್ನನ್ನ ಇಷ್ಟ ಅಂತ ಹೇಳ್ತೀರಿ ಅಂದ್ಕೊಂಡಿದ್ದೆ. ಅಷ್ಟು ಪೆದ್ದಿ ನಾನು. ಈಗಲೂ ಅದೇ ಪೆದ್ದಿ. ನೀವಂದ್ರೆ ನನಗಿಷ್ಟ. ಸಾಕಾ?"

ಹೇಳಿಬಿಟ್ಟಳು!

ಅವನು ಕನ್ನಡಕ ತೆಗೆದ. ಒರೆಸಿದ. ಹಾಕಿಕೊಳ್ಳೋದನ್ನೇ ಮರೆತ.

"ನಾನು ಇನ್ನೂ ತಪ್ಪು ಮಾಡ್ತೀನಿ..." ಎಂದ.

"ಮಾಡಿ. ಆದ್ರೆ ಮೊದಲು ನನಗೆ ಹೇಳ್ಬೇಕು."

"ಹಾಗಿದ್ರೆ ಈಗಲೇ ಒಂದು ಒಪ್ಕೊಳ್ತೀನಿ. ನಿಮ್ಮ ಕೋಣೇಲಿ ನನಗಿದ್ದ ಕೆಲಸ ಎರಡೇ ವಾರಕ್ಕೆ ಮುಗಿದಿತ್ತು. ಉಳಿದ ಮೂರು ವಾರ... ಸುಮ್ನೆ ಬರ್ತಿದ್ದೆ. ನಿಮ್ಮನ್ನ ನೋಡೋಕೆ."

ಅವಳು ಇನ್ನೊಂದು ಮೆಟ್ಟಿಲು ಇಳಿದಳು. ಆಮೇಲೆ ತುಟಿ ಕಚ್ಚಿಕೊಂಡು ನಗು ತಡೆದಳು.

"ನಾನೂ ಒಂದು ಒಪ್ಕೊಳ್ಳಾ? ಅದು ಎರಡು ವಾರದ ಕೆಲಸವೂ ಅಲ್ಲ. ಎರಡು ದಿನದ್ದು. ಪೆಟ್ಟಿಗೆಗಳೆಲ್ಲ ಹಿಂದಿನ ಕೋಣೇಲಿ ಜೋಡಿಸಿಟ್ಟೇ ಇದ್ವು. ನಾನೇ ದಿನಕ್ಕೊಂದು ಮಾತ್ರ ತಂದುಕೊಡ್ತಿದ್ದೆ."

"ಯಾಕೆ?!"

"ಮೊದಲೆರಡು ದಿನ ಸಿಟ್ಟಿಗೆ."

"ಆಮೇಲೆ?"

ಅವಳು ಅವನ ಕೈಯಿಂದ ಕನ್ನಡಕ ತೆಗೆದುಕೊಂಡು, ಮೆಲ್ಲಗೆ ಅವನ ಕಣ್ಣಿಗಿಟ್ಟಳು.

"ಆಮೇಲೆ ಸಿಟ್ಟಿಗಲ್ಲ," ಎಂದಳು.